ಹೆಡ್‌ಫೋನ್ ಮೀಮಾಂಸೆ: ಗಣಕಾಧಾರಿತ ಆಂಗ್ಲವಾಕ್‌ಸಿದ್ಧಿಯಲ್ಲಿ ಪುನಃಶ್ರವಣದ ನೆಲೆ-ಬೆಲೆ

ಕೀಲಿಪದಗಳು: ಪುನಃಶ್ರವಣ, ಕರ್ಣಾನುಸಂಧಾನ, ಜಿಹ್ವಾವಸಾಹತು, ಸ್ವ-ಕಲಿಕಾ ಸಂಕಥನ. (ಪ್ರಯೋಗಾಲಯದ ಕೀಲಿ ಅಟೆಂಡರ್ ಹತ್ತಿರ ಇದೆ. ಆತ ಇವತ್ತು ರಜೆ.)

1. ಪ್ರವೇಶಿಕೆ, ಅಥವಾ ಬಾಗಿಲ ಹೊರಗೆ

ಪ್ರಸ್ತುತ ಪ್ರಬಂಧವು ಗ್ರಾಮೀಣ ಪದವಿ ವಿದ್ಯಾರ್ಥಿಯ ಕರ್ಣಪಟಲಕ್ಕೂ ಗಣಕಯಂತ್ರದ ಧ್ವನಿಪೆಟ್ಟಿಗೆಗೂ ನಡುವೆ ಏರ್ಪಡುವ ಮುಖಾಮುಖಿಯನ್ನು (ಇಲ್ಲಿ ಮುಖಕ್ಕೆ ಕೆಲಸವಿಲ್ಲದ್ದರಿಂದ ಕರ್ಣಾಕರ್ಣಿ ಎನ್ನುವುದೇ ಸರಿ) ವಸಾಹತೋತ್ತರ ನೆಲೆಯಲ್ಲಿ, ಬಹುಶಿಸ್ತೀಯ ನೆಲೆಯಲ್ಲಿ, ಕುರ್ಚಿ ಸಾಲದಿದ್ದರೆ ಬರೀ ನೆಲದಲ್ಲಿ ಕೂತು ಅನುಸಂಧಾನಿಸುವ ಒಂದು ವಿನಮ್ರ ಯತ್ನವಾಗಿದೆ.

ಪ್ರಬಂಧಕಾರನು ಕನ್ನಡ ಉಪನ್ಯಾಸಕ. ಇಂಗ್ಲಿಷ್ ವಿಭಾಗದ ಹುದ್ದೆ ಖಾಲಿ ಇದ್ದುದರಿಂದಲೂ, ಪ್ರಿನ್ಸಿಪಾಲರು ಯಾರನ್ನಾದರೂ ಹಿಡಿಯಬೇಕೆಂದು ಹೊರಗೆ ಬಂದ ಹೊತ್ತಿಗೆ ಆತ ಕಾರಿಡಾರಿನಲ್ಲಿ ಸಿಕ್ಕಿದ್ದರಿಂದಲೂ, ಭಾಷಾ ಪ್ರಯೋಗಾಲಯದ ಸಂಚಾಲಕತ್ವ ಆತನ ಹೆಗಲೇರಿತು. ಸಂಶೋಧನಾ ಕ್ಷೇತ್ರದ ವಿವರ: ಕಂಪ್ಯೂಟರ್ 30, ಆನ್ ಆಗುವುವು 19, ಹೆಡ್‌ಫೋನ್ 16, ಎರಡೂ ಕಿವಿಗೆ ಕೇಳಿಸುವುವು 9. ಉಳಿದ ಏಳರಲ್ಲಿ ಇಂಗ್ಲಿಷ್ ಒಂದು ಕಿವಿಗೆ ಮಾತ್ರ ಬರುತ್ತದೆ, ಇನ್ನೊಂದು ಕಿವಿ ಕನ್ನಡಕ್ಕೆ ಮೀಸಲು. ದ್ವಿಭಾಷಾ ನೀತಿಯನ್ನು ಇಷ್ಟು ಪ್ರಾಮಾಣಿಕವಾಗಿ ಜಾರಿಗೆ ತಂದ ಯಂತ್ರ ಇನ್ನೊಂದಿಲ್ಲ.

2. ಪೂರ್ವಸೂರಿಗಳು

ಯಾವ ವಿಷಯವನ್ನೇ ಆಗಲಿ ವೇದಕಾಲದಿಂದ ಆರಂಭಿಸದಿದ್ದರೆ ವಿಚಾರ ಸಂಕಿರಣದಲ್ಲಿ ಟಿ.ಎ. ಸಿಗುವುದಿಲ್ಲ. ಆದಕಾರಣ: ವೇದಪಾಠದ ಸಂಥೆಯಲ್ಲಿ ಗುರು ಒಂದು ಸಲ ಹೇಳಿದ್ದನ್ನು ಶಿಷ್ಯರು ಎರಡು ಸಲ ಹೇಳುತ್ತಾರೆ. ಪದ, ಕ್ರಮ, ಜಟೆ, ಘನ ಎಂದು ಅದೇ ಮಾತನ್ನು ಹಿಂದುಮುಂದಾಗಿ ಹೆಣೆದು ಹೇಳಿಸುತ್ತಾರೆ. ಸ್ವರ ಎಲ್ಲಿ ತಪ್ಪಿತೋ ಅಲ್ಲಿಯೇ ಗುರು ತಡೆಯುತ್ತಾನೆ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1835ರಲ್ಲಿ ಮೆಕಾಲೆ ಶಿಕ್ಷಣದ ಬಗ್ಗೆ ಟಿಪ್ಪಣಿ ಬರೆದ. ರಕ್ತ ಮತ್ತು ಬಣ್ಣ ಬಿಟ್ಟು ಮಿಕ್ಕಿದ್ದರಲ್ಲೆಲ್ಲ ಇಂಗ್ಲಿಷರಾದ ಒಂದು ವರ್ಗ ಬೇಕೆಂದ. ಆತನ ಟಿಪ್ಪಣಿಯಲ್ಲಿ ಅಭಿರುಚಿ ಇದೆ, ಅಭಿಪ್ರಾಯ ಇದೆ, ನೀತಿ ಇದೆ, ಬುದ್ಧಿ ಇದೆ. ಉಚ್ಚಾರ ಮಾತ್ರ ಇಲ್ಲ. ಇದನ್ನು ಯಾವ ವಸಾಹತೋತ್ತರ ವಿದ್ವಾಂಸರೂ ಇದುವರೆಗೆ ಗಮನಿಸಿಲ್ಲ ಎಂದು ಹೇಳಿಕೊಳ್ಳಲು ಪ್ರಬಂಧಕಾರನಿಗೆ ಸಂಕೋಚವಿಲ್ಲ (ಅವರನ್ನೆಲ್ಲ ಓದಿಲ್ಲದ್ದರಿಂದ ಸಂಕೋಚಕ್ಕೆ ಅವಕಾಶವೂ ಇಲ್ಲ). ಮೆಕಾಲೆ ಕೇಳದೆ ಬಿಟ್ಟ ಆ ಒಂದನ್ನು ನಾವೇ ಸ್ವಯಂಪ್ರೇರಿತರಾಗಿ ಸೇರಿಸಿಕೊಂಡೆವು.

1877ರಲ್ಲಿ ಎಡಿಸನ್ ಫೋನೋಗ್ರಾಫ್ ಮಾಡಿದ. ಮರುವರ್ಷ ಅದರ ಉಪಯೋಗಗಳ ಪಟ್ಟಿಯನ್ನೂ ಕೊಟ್ಟ. ಅದರಲ್ಲಿ ಸಂಗೀತವೂ ಇತ್ತು, ಮಾತುಗಾರಿಕೆ ಕಲಿಸುವುದೂ ಇತ್ತು. ಲೋಕ ಸಂಗೀತ ಹಿಡಿದುಕೊಂಡು ಹೋಯಿತು. 1885ರಲ್ಲಿ ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆಂದು ಅಳೆದು ಪುಸ್ತಕ ಬರೆದ. ನಮ್ಮ ಪ್ರಯೋಗಾಲಯದಲ್ಲಿ ಈ ಪ್ರಯೋಗ ವಾರಕ್ಕೆ ನಾಲ್ಕು ದಿನ ನಡೆಯುತ್ತದೆ. ಪುಸ್ತಕ ಬರೆದವರಿಲ್ಲ. 1901ರಲ್ಲಿ ಲಂಡನ್ನಿನಲ್ಲಿ ಲಿಂಗ್ವಾಫೋನ್ ಹುಟ್ಟಿತು, ಭಾಷೆ ಕಲಿಸುವ ಕೆಲಸಕ್ಕೆ ಧ್ವನಿಮುದ್ರಿಕೆಯನ್ನು ಇಳಿಸಿತು.

ಇದೆಲ್ಲ ದೂರದ ಮಾತು. ನಮ್ಮ ಕಾಲಕ್ಕೆ ಬಂದದ್ದು ಇಂಗ್ಲಿಷ್ ಮಾತು ಕಲಿಸುವ ಪುಸ್ತಕ ರ್‍ಯಾಪಿಡೆಕ್ಸ್. 1983ರಲ್ಲಿ ವಿಶ್ವಕಪ್ ತಂದ ಕಪಿಲ್ ದೇವ್ ಜಾಹೀರಾತಿನಲ್ಲಿ ಅದನ್ನು ಹಿಡಿದು ನಿಲ್ಲುತ್ತಿದ್ದರು. ಅವರ ಬೌಲಿಂಗ್ ನಮ್ಮಿಂದಾಗದು, ಇಂಗ್ಲಿಷಾದರೂ ಬರಲಿ ಎಂದು ಊರಿಗೆ ಹತ್ತು ಪ್ರತಿ ಇದ್ದವು. ಇಂಗ್ಲಿಷ್ ವಾಕ್ಯಗಳೆಲ್ಲ ಕನ್ನಡ ಲಿಪಿಯಲ್ಲೂ ಇರುತ್ತಿದ್ದವು. ದನ ಮೇಯಲು ಬಿಟ್ಟು ಬದುವಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆವು. ದನ ಕಿವಿ ಅಲ್ಲಾಡಿಸುತ್ತಿದ್ದವು. ಈಗ ಯೋಚಿಸಿದರೆ, ಮುಂದಿನ ಯಾವ ಸಾಫ್ಟ್‌ವೇರ್‌ಗಿಂತಲೂ ಅವು ಒಳ್ಳೆಯ ಕೇಳುಗರು.

3. ಶ್ರೋತೃ ವರ್ಗೀಕರಣ

ಹೆಡ್‌ಫೋನ್ ಧರಿಸಿದ ಶ್ರೋತೃಗಳು ಒಂಬತ್ತು ವಿಧ.

3.1 ವಿಲೋಮಶ್ರೋತೃ: ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಂಡು ಮೈಕನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡವನು. ಇವನ ಉಚ್ಚಾರಕ್ಕೆ ಯಂತ್ರ ಸೊನ್ನೆ ಅಂಕ ಕೊಡುತ್ತದೆ.

3.2 ಯೋಗನಿದ್ರಾಶ್ರೋತೃ: ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆದು ಡೇರಿಗೆ ಹಾಕಿ ಬಂದವನು. ಮಾತಿಲ್ಲದ ಅವಧಿಯಲ್ಲಿ ಇವನ ಉಸಿರಾಟವನ್ನೇ ವಾಕ್ಯವೆಂದು ಗ್ರಹಿಸಿದ ಯಂತ್ರ ಒಮ್ಮೆ ಇವನಿಗೆ ‘ಗುಡ್ ಟ್ರೈ’ ಎಂದಿದ್ದುಂಟು.

3.3 ಪ್ರತಿಧ್ವನಿಶ್ರೋತೃ: ಯಂತ್ರ ‘ರಿಪೀಟ್ ಆಫ್ಟರ್ ಮಿ’ ಅಂದರೆ ಇವನೂ ‘ರಿಪೀಟ್ ಆಫ್ಟರ್ ಮಿ’ ಅನ್ನುತ್ತಾನೆ. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಅವನ ಕಿವಿ ಕೆಂಪಾಯಿತು. ಮನೆಗೆ ಹೋಗಿ ಯೋಚಿಸಿದರೆ, ಅವನು ಮಾಡಿದ್ದರಲ್ಲಿ ತಪ್ಪೇನಿದೆ? ಹೇಳಿದ್ದನ್ನು ಹೇಳು ಅಂದರು, ಹೇಳಿದ. ಎಲ್ಲಿಂದ ಶುರುಮಾಡಬೇಕು ಅಂತ ಯಾರೂ ಹೇಳಿರಲಿಲ್ಲ.

ಉಳಿದ ಆರು ವಿಧ ಬೇಡ.

4. ತಟಸ್ಥೀಕರಣ ಸಿದ್ಧಾಂತ

ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಸಂಪನ್ಮೂಲ ವ್ಯಕ್ತಿಯೊಬ್ಬರು ಬರುತ್ತಾರೆ. ವ್ಯಕ್ತಿಯನ್ನು ಗಣಿಯಂತೆ ಕಾಣುವ ಈ ಪದವನ್ನು ಕನ್ನಡಕ್ಕೆ ತಂದವರು ಯಾರೋ, ಅವರನ್ನು ಭೇಟಿ ಮಾಡುವ ಆಸೆ ಬಹಳ ದಿನದಿಂದ ಇದೆ. ಈ ಸಲ ಬಂದವರು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ಹುಡುಗರ ನಾಲಿಗೆ ತಿದ್ದಿದವರು. ಅವರ ಪರಿಭಾಷೆಯಲ್ಲಿ ಅದು ಉಚ್ಚಾರ ತಟಸ್ಥೀಕರಣ. ತಟಸ್ಥ ಅಂದರೆ ದಡದ ಮೇಲೆ ನಿಂತವನು. ನೀರಿಗಿಳಿಯದೆ ಈಜು ಕಲಿಸುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು.

ಆದರೆ ಅವರು ತೋರಿಸಿದ ಒಂದು ಪ್ರಯೋಗವನ್ನು ಮೆಚ್ಚಬೇಕು. ಒಂದು ತೆಳು ಕಾಗದದ ಪಟ್ಟಿಯನ್ನು ತುಟಿಯೆದುರು ಹಿಡಿದು ‘ಪೆನ್’ ಅಂದರು, ಕಾಗದ ಹಾರಿತು. ನಮ್ಮ ಹುಡುಗಿಯರು ಅಂದರು, ಕಾಗದ ಅಲ್ಲಾಡಲಿಲ್ಲ. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರುವ ಪಕಾರಕ್ಕೆ ಉಸಿರಿನ ತಳ್ಳು ಇರುತ್ತದೆ, ಹೆಚ್ಚು ಕಡಿಮೆ ನಮ್ಮ ‘ಫ’ದ ಹತ್ತಿರ. ನಾವು ‘ಪ’ ಬರೆದು ‘ಪ’ವನ್ನೇ ಹೇಳುತ್ತೇವೆ. ಅಚ್ಚಗನ್ನಡಕ್ಕೆ ಮಹಾಪ್ರಾಣ ಹೊರಗಿನಿಂದ ಬಂದದ್ದೆಂದು ನಮ್ಮ ವೈಯಾಕರಣರು ಹೇಳುತ್ತಲೇ ಬಂದಿದ್ದಾರೆ. ನಮ್ಮ ಕಡೆ ‘ಹಾಲು’ ಕೂಡ ‘ಆಲು’. ಪ್ರಾಣ ಉಳಿಸಿಕೊಂಡರೆ ಸಾಕೆನ್ನುವ ಜನಕ್ಕೆ ಮಹಾಪ್ರಾಣ ಎಲ್ಲಿಂದ ತರುವುದು? ಹಾಗೆಯೇ ಇಂಗ್ಲಿಷಿನ ಎರಡು ವಕಾರಕ್ಕೆ ನಮ್ಮಲ್ಲಿರುವುದು ಒಂದೇ. ಒಳಗೆ ತೊಡುವ ವೆಸ್ಟೂ ಪಡುವಣ ದಿಕ್ಕಿನ ವೆಸ್ಟೂ ನಮ್ಮ ಬಾಯಲ್ಲಿ ಒಂದೇ. ‘ಫೋಟೊಗ್ರಾಫ್’ನಲ್ಲಿ ಮೊದಲಿಗೆ ಬೀಳುವ ಒತ್ತು ‘ಫೊಟಾಗ್ರಫಿ’ಯಲ್ಲಿ ಎರಡನೆಯದಕ್ಕೆ ಜಿಗಿಯುತ್ತದೆ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚು ಕಡಿಮೆ ಸಮಪಾಲು. ಇವೆಲ್ಲ ಸತ್ಯ, ಕಲಿಯಬೇಕಾದದ್ದು. ಬೆರಳಿಟ್ಟು ತೋರಿಸುವವರೊಬ್ಬರು ಎದುರಿಗಿದ್ದಾಗ ಹುಡುಗಿಯರು ಹತ್ತು ನಿಮಿಷದಲ್ಲಿ ಹಿಡಿದರು. ಸಾಫ್ಟ್‌ವೇರ್ ಆರು ತಿಂಗಳು ಕೆಂಪು ಗುರುತು ತೋರಿಸಿತ್ತು. ಯಾಕೆ ಕೆಂಪು ಅಂತ ಹೇಳಿರಲಿಲ್ಲ.

ಮಧ್ಯಾಹ್ನ ಊಟ, ಗ್ರೂಪ್ ಫೋಟೊ, ಸರ್ಟಿಫಿಕೇಟು. ಕಾಗದದ ಪಟ್ಟಿಯನ್ನು ಅವರು ವಾಪಸ್ ತೆಗೆದುಕೊಂಡು ಹೋದರು.

5. ಕೇಳು ಧಾತುವಿನ ದ್ವ್ಯರ್ಥತೆ

ಪುನಃಶ್ರವಣವೇ ದಂಡ ಎಂಬುದು ಪ್ರಬಂಧಕಾರನ ನಿಲುವಲ್ಲ. ಎರಡು ನಿಮಿಷದ ಒಂದು ತುಣುಕನ್ನು ಹತ್ತು ದಿನ ಕೇಳಿ, ಅದರ ನೆರಳಿನಂತೆ ಹಿಂದೆ ಹಿಂದೆಯೇ ಹೇಳುತ್ತ ಹೋದರೆ ನಾಲಿಗೆ ಸಡಿಲವಾಗುತ್ತದೆ. ರೇಡಿಯೋದ ಕ್ರಿಕೆಟ್ ಕಾಮೆಂಟರಿ ಕೇಳಿ ಇಂಗ್ಲಿಷ್ ಹಿಡಿದವರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಆಟ ಗೊತ್ತಿತ್ತು, ಮಾತು ಆಟದ ಮೇಲೆ ಹತ್ತಿ ಬಂತು. ಸ್ಟೀಫನ್ ಕ್ರಾಷೆನ್ ಎಂಬ ಅಮೆರಿಕದ ವಿದ್ವಾಂಸರು ನಾಲ್ಕು ದಶಕದ ಹಿಂದೆಯೇ ಹೇಳಿದ್ದು ಇಷ್ಟೇ: ಕೇಳುವುದು ಅರ್ಥವಾಗಬೇಕು, ಬಲ್ಲದ್ದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿರಬೇಕು.

ನಮ್ಮ ಸಾಫ್ಟ್‌ವೇರಿನ ಮೊದಲ ಪಾಠ: ವಿಮಾನ ನಿಲ್ದಾಣದಲ್ಲಿ ಕಿಟಕಿ ಪಕ್ಕದ ಸೀಟು ಕೇಳುವುದು.

ಕೇಳಿ. ಬೆಳಿಗ್ಗೆ ಆರೂವರೆಯ ಕೆಂಪು ಬಸ್ಸಿಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿಸಿಕೊಂಡು, ಹದಿನೆಂಟು ಕಿಲೋಮೀಟರ್ ಒಂಟಿ ಕಾಲಲ್ಲಿ ನಿಂತು ಬರುವ ಬಿ.ಕಾಂ. ಹುಡುಗಿಯೊಬ್ಬಳು ಈ ಪಾಠಕ್ಕೆ ಕೂರುತ್ತಾಳೆ. ಕಿಟಕಿ ಪಕ್ಕದ ಸೀಟಿರಲಿ, ಸೀಟೇ ಅವಳಿಗೆ ಸಿಕ್ಕಿದ್ದು ವರ್ಷದಲ್ಲಿ ಎಷ್ಟು ದಿನ? ಅವಳ ಕೈಲಿ ನಲವತ್ತು ಸಲ ‘ವಿಂಡೋ ಸೀಟ್ ಪ್ಲೀಸ್’ ಅನ್ನಿಸಿ, ನಲವತ್ತನೆಯ ಸಲವೂ ಕೆಂಪು ಗುರುತು ತೋರಿಸಿ, ನಿನಗೆ ಕಮ್ಯುನಿಕೇಶನ್ ಸ್ಕಿಲ್ ಇಲ್ಲ ಅನ್ನುತ್ತೀರಲ್ಲ, ಯಾರಿಗೆ ಇಲ್ಲ? ಸ್ವಸಹಾಯ ಸಂಘದ ಸಭೆಯಲ್ಲಿ ಅವ್ವನ ಪರವಾಗಿ ಎದ್ದು ನಿಂತು ಸಾಲದ ಲೆಕ್ಕ ಬಿಡಿಸಿ ಹೇಳಿದವಳು ಅವಳು. ಬ್ಯಾಂಕಿನವನ ತಪ್ಪನ್ನು ಅವನ ಪುಸ್ತಕದಲ್ಲೇ ತೋರಿಸಿದವಳು. ಕ್ಯಾಂಪಸ್ ಸಂದರ್ಶನಕ್ಕೆ ಬಂದವರು ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದಾಗ ಅವಳು ಬಾಯಿಪಾಠ ಮಾಡಿದ್ದನ್ನು ಹೇಳಿದಳು. ಅದರಲ್ಲಿ ಅವಳು ಎಲ್ಲೂ ಇರಲಿಲ್ಲ. ಸ್ವ-ಕಲಿಕೆಯಂತೆ! ಮೇಷ್ಟ್ರ ಹುದ್ದೆ ತುಂಬದೆ ಉಳಿಸಿದ ಸಂಬಳಕ್ಕೆ ಇಟ್ಟ ಹೆಸರು ಅದು.

ಪ್ರಬಂಧಕಾರನು ಪರಿಭಾಷೆಯಿಂದ ಜಾರಿದ್ದಾನೆ. ಕ್ಷಮೆಯಿರಲಿ. ವಿಷಯಕ್ಕೆ ಬರೋಣ.

ಕನ್ನಡದ ‘ಕೇಳು’ ಧಾತುವಿಗೆ ಆಲಿಸು ಎಂಬುದೊಂದು ಅರ್ಥ, ಪ್ರಶ್ನಿಸು ಎಂಬುದು ಇನ್ನೊಂದು. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ. ಹಾಗಾಗಿ ಅದರ ಪ್ರಯೋಗಾಲಯದಲ್ಲಿ ಒಂದನ್ನು ಇಟ್ಟು ಇನ್ನೊಂದನ್ನು ಬಿಡಲು ಸಾಧ್ಯವಾಯಿತು. ಕನ್ನಡದಲ್ಲಿ ‘ಕೇಳಮ್ಮಾ’ ಅಂದರೆ ಆ ಮಗು ಕಿವಿಯನ್ನೂ ತೆರೆಯಬಹುದು, ಬಾಯನ್ನೂ ತೆರೆಯಬಹುದು. ಸಂಥೆಯ ಗುರು ತಡೆಯುತ್ತಾನೆ ಎಂದೆನಲ್ಲ, ಅವನು ತಡೆಯುವುದು ಅವನಿಗೂ ಕಿವಿ ಇರುವುದರಿಂದ. ಇಲ್ಲಿ ಎಲ್ಲರೂ ಕೇಳುತ್ತಾರೆ, ಕೇಳುವವರೇ ಇಲ್ಲ. ಈ ಕೊನೆಯ ವಾಕ್ಯವನ್ನು ಇಂಗ್ಲಿಷಿಗೆ ಅನುವಾದಿಸಿ ತೋರಿಸಿದವರಿಗೆ ಒಂದು ಹೆಡ್‌ಫೋನ್ ಬಹುಮಾನ, ಒಂದು ಕಿವಿಯದು.

6. ಕ್ಷೇತ್ರಕಾರ್ಯ

ಜನವರಿಯ ಒಂದು ಮಧ್ಯಾಹ್ನ. ಹನ್ನೆರಡನೆಯ ಪಾಠ ನಡೆಯುತ್ತಿತ್ತು: ಎದುರಿನವರ ಮಾತು ಕೇಳಿಸದಿದ್ದರೆ ಏನನ್ನಬೇಕು. ಸಣ್ಣ ಸದ್ದಿನಲ್ಲಿ ಹದಿನೈದು ಬಾಯಿಗಳು ‘ಐ ಬೆಗ್ ಯುವರ್ ಪಾರ್ಡನ್’ ಅನ್ನುತ್ತಿದ್ದವು, ಹೆಡ್‌ಫೋನ್ ಹಾಕಿಕೊಂಡವರು ಗುನುಗುವಂತೆ, ತಾಳ ತಪ್ಪಿ. ಮೂರನೆಯ ಸಾಲಿನ ಆ ಬಿ.ಕಾಂ. ಹುಡುಗಿ ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡು ನನ್ನ ಕಡೆ ತಿರುಗಿದಳು.

‘ಸಾರ್, ಬೆಗ್ ಅಂದ್ರೆ ಬೇಡೋದು ಅಲ್ವಾ?’

‘ಹೌದಮ್ಮಾ.’

‘ಸರಿಯಾಗಿ ಕೇಳಿಸೋ ಹಂಗೆ ಹೇಳ್ದೆ ಇದ್ದಿದ್ದು ಅವ್ರು. ನಾವ್ಯಾಕ್ ಸಾರ್ ಬೇಡ್ಬೇಕು? ನಮ್ಮೂರಲ್ಲಿ ಆದ್ರೆ ಏನಂದ್ರಿ ಅಂತೀವಿ ಅಷ್ಟೆ.’

ಇಪ್ಪತ್ತೆರಡು ವರ್ಷ ಪಾಠ ಮಾಡಿದವನು ನಾನು, ತಡಬಡಾಯಿಸಿದೆ. ಅದೊಂದು ಮರ್ಯಾದೆಯ ಮಾತಮ್ಮಾ, ಹಾಗೆ ರೂಢಿ, ಅಂದೆ. ‘ಅವರೂ ನಮಗೆ ಹಂಗೇ ಅಂತಾರಾ ಸಾರ್?’ ಅಂದಳು. ಪಕ್ಕದವಳು ಹೆಡ್‌ಫೋನ್ ತೆಗೆದಳು, ಅವಳ ಪಕ್ಕದವಳೂ. ಅವತ್ತು ಒಂದು ಗಂಟೆ ಯಾವ ಯಂತ್ರವನ್ನೂ ಮುಟ್ಟದೆ, ಯಾರು ಯಾರಿಗೆ ‘ಏನು’ ಅನ್ನಬಹುದು, ಯಾರಿಗೆ ‘ಏನಂದ್ರಿ’, ಯಾರಿಗೆ ‘ಆಂ?’ ಅಂದರೆ ಏಟು ಬೀಳುತ್ತದೆ ಎಂದು ಮಾತಾಡಿದೆವು. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ತಪ್ಪು ಇಂಗ್ಲಿಷು. ಪ್ರತಿಧ್ವನಿಶ್ರೋತೃ ಕೂಡ ಎದ್ದು ನಿಂತು ‘ಸಾರ್, ಐ ಯಾಮ್ ನಾಟ್ ಬೆಗ್ಗಿಂಗ್, ಐ ಯಾಮ್ ಆಸ್ಕಿಂಗ್’ ಅಂದ. ಈ ವಾಕ್ಯ ಯಾವ ಪಾಠದಲ್ಲೂ ಇರಲಿಲ್ಲ. ಯಂತ್ರಗಳು ಹತ್ತು ನಿಮಿಷ ಕಾದು ಒಂದೊಂದಾಗಿ ಪರದೆ ಆರಿಸಿಕೊಂಡವು.

7. ಫಲಿತಾಂಶ

ತಿಂಗಳ ಕೊನೆಗೆ ಮೇಲಿನ ಕಚೇರಿಗೆ ನಮೂನೆ ತುಂಬಿ ಕಳಿಸಬೇಕು. ಹಾಜರಾದವರ ಸಂಖ್ಯೆ, ಆಲಿಸಿದ ಒಟ್ಟು ಗಂಟೆ, ಪೂರೈಸಿದ ಪಾಠ, ಸರಾಸರಿ ಉಚ್ಚಾರ ಅಂಕ, ಷರಾ. ಎಲ್ಲ ತುಂಬಿದೆ. ಷರಾ ಕಾಲಂನಲ್ಲಿ ‘ಒಬ್ಬ ವಿದ್ಯಾರ್ಥಿನಿ ಮೂರು ಪ್ರಶ್ನೆ ಕೇಳಿದಳು’ ಎಂದು ಬರೆದೆ.

ಹದಿನೈದು ದಿನಕ್ಕೆ ನಮೂನೆ ವಾಪಸ್ ಬಂತು. ಆ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ದುಂಡಗಿನ ಅಕ್ಷರ: ‘ಸದರಿ ಕಾಲಂನಲ್ಲಿ ಏನೂ ಇಲ್ಲ ಎಂದು ನಮೂದಿಸಿ ಮರುಸಲ್ಲಿಸುವುದು.’