ಕಾಲೇಜು ಕಾರ್ಯಕ್ರಮ: ಜೋಡಣೆ, ಚಾಲನೆ ಮತ್ತು ನಿರ್ವಹಣೆ

ಕೈಪಿಡಿ ಬರೆಯುವುದು ಕಲ್ಯಾಣಕ್ಕೆ ಹೊಸದೇನಲ್ಲ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ ಬರೆದಿಟ್ಟ. 5 ಭಾಗ, ಭಾಗಕ್ಕೆ 20 ಅಧ್ಯಾಯ. ರಾಜ್ಯಭಾರ, ಅಡುಗೆ, ಆನೆ, ಕುಸ್ತಿ, ಸಂಗೀತ, ನೃತ್ಯ ಎಲ್ಲವೂ ಅದರಲ್ಲಿವೆ. ವೇದಿಕೆಗೆ ಬ್ಯಾನರ್ ಕಟ್ಟುವುದು ಹೇಗೆ ಎಂಬುದೊಂದಿಲ್ಲ. ಬಸವಕಲ್ಯಾಣ, ಹುಮನಾಬಾದ್ ಕಡೆಯ ಕಾಲೇಜುಗಳಲ್ಲಿ ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಕಲಿಸುವವರ ಅನುಕೂಲಕ್ಕಾಗಿ ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ. ಕಾರ್ಯಕ್ರಮ ಚಾಲೂ ಮಾಡುವ ಮುನ್ನ ಪೂರ್ತಿ ಓದಿಕೊಳ್ಳಿ.

1. ಪೆಟ್ಟಿಗೆಯಲ್ಲಿರುವ ಭಾಗಗಳು

ಬ್ಯಾನರ್ ಒಂದು. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು, ವೇದಿಕೆ ತಡೆಯುವಷ್ಟು. ಶಾಲು, ಹಾರ, ನೆನಪಿನ ಕಾಣಿಕೆ ಕುರ್ಚಿಗೊಂದರಂತೆ. ಕರೆಯದೆ ಬರುವ ಗಣ್ಯರಿಗಾಗಿ ಹೆಚ್ಚುವರಿ ಎರಡು ಜೊತೆ. ಐದು ಬತ್ತಿಯ ಹಿತ್ತಾಳೆ ದೀಪ, ಹಚ್ಚಲು ಮೇಣದಬತ್ತಿ. ನಾಡಗೀತೆ ತುಂಬಿದ ಪೆನ್‌ಡ್ರೈವ್. ಅತಿಥಿ ಒಬ್ಬರು. ಪ್ರೇಕ್ಷಕರು ಪೆಟ್ಟಿಗೆಯಲ್ಲಿ ಬರುವುದಿಲ್ಲ, ಅವರನ್ನು ಬಿ.ಎ. ಎರಡನೇ ವರ್ಷದ ತರಗತಿಯಿಂದ ಬೇರೆಯಾಗಿ ತಂದು ಜೋಡಿಸಿಕೊಳ್ಳಬೇಕು.

2. ದಿನಾಂಕ ಮತ್ತು ಬ್ಯಾನರ್

ಸೆಪ್ಟೆಂಬರ್ ತಿಂಗಳಲ್ಲಿ ಯಂತ್ರದ ಮೇಲೆ ಒತ್ತಡ ಹೆಚ್ಚು. 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ನೆನಪಿನ ದಿನ. 24ಕ್ಕೆ ಎನ್‌ಎಸ್‌ಎಸ್ ದಿನ. ಯೋಜನೆ ಹುಟ್ಟಿದ್ದು 1969ರಲ್ಲಿ. ಉಸಿರು ಬಿಡುವಷ್ಟರಲ್ಲಿ ಗಾಂಧಿ ಜಯಂತಿ, ಹಿಂದೆಯೇ ರಾಜ್ಯೋತ್ಸವ. ಹಳೆಯ ಬ್ಯಾನರ್ ಮತ್ತೆ ಕಟ್ಟುವ ಮುನ್ನ ಒಮ್ಮೆ ಓದಿ ನೋಡಿ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂದಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ಜಾಗದಲ್ಲಿ 2023ರಿಂದ ಬೀದರ್ ವಿಶ್ವವಿದ್ಯಾಲಯ ಎಂದಿರಬೇಕು. ಎರಡು ಕಡೆ ಕಾಗದ ಅಂಟಿಸಿದರೆ ಬ್ಯಾನರ್ ಇನ್ನೂ ನಾಲ್ಕು ವರ್ಷ ಬಾಳುತ್ತದೆ.

ಒಂದೇ ಮಧ್ಯಾಹ್ನ ಮೂರು ಬ್ಯಾನರ್ ಬದಲಿಸಿ ಮೂರು ಕಾರ್ಯಕ್ರಮದ ಫೋಟೊ ತೆಗೆದುಕೊಳ್ಳುವ ವಿಧಾನವೂ ಉಂಟು. ಹೊಸಬರು ಇದಕ್ಕೆ ಕೈಹಾಕಬಾರದು. ಅತಿಥಿಯ ಅಂಗಿ ಒಂದೇ ಇದ್ದರೆ ನ್ಯಾಕ್ ತಂಡದೆದುರು ಸಿಕ್ಕಿಬೀಳುತ್ತೀರಿ.

3. ವಿಷಯ ಆಯ್ಕೆ

ವಿಷಯ ಯಾವುದೇ ಇರಲಿ, ಕೊನೆಗೆ ‘ಇಂದಿನ ಪ್ರಸ್ತುತತೆ’ ಎಂದು ಸೇರಿಸಿ. ‘ವಚನ ಸಾಹಿತ್ಯದ ಇಂದಿನ ಪ್ರಸ್ತುತತೆ’, ‘ಚಾಲುಕ್ಯ ಶಿಲ್ಪದ ಇಂದಿನ ಪ್ರಸ್ತುತತೆ’. ಇವೆಲ್ಲ ಯಾರಿಗೂ ತೊಂದರೆ ಕೊಡದ ವಿಷಯಗಳು.

ಮಿತಾಕ್ಷರದ ಹತ್ತಿರ ಮಾತ್ರ ಎಚ್ಚರವಿರಲಿ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಈ ವ್ಯಾಖ್ಯಾನದ ಮೇಲೆ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಪಾಲು ಶತಮಾನಗಳ ಕಾಲ ನಿಂತಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಮಗನಷ್ಟೇ ಹಕ್ಕುದಾರಳು ಎಂದು ದೇಶಕ್ಕೆಲ್ಲ ಅನ್ವಯಿಸುವ ಕಾನೂನಾದದ್ದು 2005ರ ತಿದ್ದುಪಡಿಯಲ್ಲಿ. ಅತಿಥಿಗಳು ಇಷ್ಟು ಹೇಳಿ ನೀರು ಕುಡಿಯುವ ಹೊತ್ತಿಗೆ, ಹಿಂದಿನ ಸಾಲಿನ ಹುಡುಗಿ ಎದ್ದು ನಿಂತು, “ಸರ್, ನಮ್ಮ ಹೊಲದಾಗ ನನಗೂ ಪಾಲು ಬರ್ತದೇನ್ರಿ?” ಎಂದು ಕೇಳಿಬಿಟ್ಟರೆ ವಿಷಯ ನಿಜವಾಗಿಯೇ ಪ್ರಸ್ತುತವಾಗಿಬಿಡುತ್ತದೆ. ಅವಳ ಅಪ್ಪ ಆಡಳಿತ ಮಂಡಳಿಯವರ ಪರಿಚಯದವರಾಗಿದ್ದರೆ ಕಷ್ಟ.

4. ‘ರಾಷ್ಟ್ರೀಯ’ ಗುಂಡಿ

ಈ ಸೌಲಭ್ಯ ಬೆಂಗಳೂರಿನವರಿಗೆ ದುಬಾರಿ, ನಮಗೆ ಅಗ್ಗ. ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಉಮರ್ಗಾ, ಪೂರ್ವಕ್ಕೆ ಹೋದರೆ ತೆಲಂಗಾಣದ ಜಹೀರಾಬಾದ್. ಅಲ್ಲಿಂದೊಬ್ಬರು ಇಲ್ಲಿಂದೊಬ್ಬರು ಬಸ್ ಹತ್ತಿ ಬಂದರೆ ಮೂರು ರಾಜ್ಯ ಸೇರಿದಂತಾಯಿತು. ಸಂಕಿರಣ ರಾಷ್ಟ್ರೀಯ. ಇಬ್ಬರೂ ಚಹಾ ಹೊತ್ತಿಗೆ ಊರು ಸೇರಬಹುದು.

5. ಚಾಲನೆ

ಆಮಂತ್ರಣದಲ್ಲಿ 10.30 ಎಂದಿದ್ದರೆ 12ಕ್ಕೆ ಸಿದ್ಧರಾಗಿ. ಮೊದಲು ನಾಡಗೀತೆ. 2022ರ ಸರ್ಕಾರಿ ಆದೇಶದಂತೆ ಇದಕ್ಕೆ 2 ನಿಮಿಷ 30 ಸೆಕೆಂಡ್, ಮೈಸೂರು ಅನಂತಸ್ವಾಮಿ ಅವರ ಧಾಟಿ. ಇಡೀ ದಿನದಲ್ಲಿ ಹೊತ್ತಿಗೆ ಸರಿಯಾಗಿ ಮುಗಿಯುವುದು ಇದೊಂದೇ.

ನಂತರ ದೀಪ. ಅಧ್ಯಕ್ಷರು ಮೇಣದಬತ್ತಿ ಹಿಡಿದು ಬಾಗುತ್ತಾರೆ, ಉಳಿದವರು ಅವರ ಮೊಣಕೈ ಮುಟ್ಟಿ ನಿಲ್ಲುತ್ತಾರೆ. ಬತ್ತಿ ಹತ್ತುವುದಿಲ್ಲ. ಎಣ್ಣೆ ಇಲ್ಲವೆಂದು ಒಬ್ಬರು, ಬತ್ತಿ ಹಸಿಯಾಗಿದೆ ಎಂದು ಇನ್ನೊಬ್ಬರು. ಜವಾನ ಓಡಿ ಹೋಗಿ ಫ್ಯಾನ್ ಬಂದ್ ಮಾಡುತ್ತಾನೆ. ದೀಪ ಹತ್ತುತ್ತದೆ, ಚಪ್ಪಾಳೆ. ಆಮೇಲೆ ಫ್ಯಾನ್ ಹಚ್ಚುವುದು ಯಾರಿಗೂ ನೆನಪಾಗುವುದಿಲ್ಲ. ಸ್ವಾಗತ ಭಾಷಣ ಮುಗಿಯುವವರೆಗೆ ಸಭೆ ಬೆವರುತ್ತದೆ. ಇದು ಯಂತ್ರದ ದೋಷವಲ್ಲ, ಗುಣಲಕ್ಷಣ.

6. ಭಾಷೆ ಹೊಂದಾಣಿಕೆ

ಬ್ಯಾನರ್ ಕನ್ನಡದಲ್ಲಿರುತ್ತದೆ. ಸಭೆಯ ಗುಸುಗುಸು ಹಿಂದಿ, ಮರಾಠಿ, ಲಂಬಾಣಿಯಲ್ಲಿ ನಡೆಯುತ್ತದೆ. ಇದನ್ನು ಗದ್ದಲ ಎಂದು ತಿಳಿದು “ಸೈಲೆನ್ಸ್” ಎನ್ನುವುದು ರೂಢಿ. ಹುಮನಾಬಾದಿನ ಮಗ್ಗುಲಲ್ಲೇ ಮಾಣಿಕನಗರವಿದೆ. ಮಾಣಿಕಪ್ರಭುಗಳು 19ನೇ ಶತಮಾನದಲ್ಲಿ ಕನ್ನಡ, ಮರಾಠಿ, ಹಿಂದಿಯಲ್ಲಿ ಪದ ಕಟ್ಟಿದವರು, ಹಿಂದೂ-ಮುಸ್ಲಿಂ ಭಕ್ತರನ್ನು ಒಟ್ಟಿಗೆ ಕೂರಿಸಿದವರು. ಸೊಲ್ಲಾಪುರದಲ್ಲಿ ಹುಟ್ಟಿ ಮರಾಠಿಯಲ್ಲಿ ಓದಿದ ಜಯದೇವಿತಾಯಿ ಲಿಗಾಡೆ ಬಸವಕಲ್ಯಾಣದಲ್ಲಿ ನೆಲೆಸಿದವರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಪೀಠವೇರಿದ ಮೊದಲ ಮಹಿಳೆಯಾದರು. ಇವನ್ನೆಲ್ಲ ಸ್ವಾಗತ ಭಾಷಣದಲ್ಲಿ ಹೆಮ್ಮೆಯಿಂದ ಹೇಳಿ, ಮುಗಿದ ಕೂಡಲೇ ಮತ್ತೆ “ಸೈಲೆನ್ಸ್” ಎನ್ನಿ.

ಲಂಬಾಣಿ ಹುಡುಗಿಯರಿಂದ ಕುಣಿತ ಮಾಡಿಸಿ. ಹಾಡಿನ ಅರ್ಥ ಕೇಳಬೇಡಿ. ಮೊಹರಂನಲ್ಲಿ ರಿವಾಯತ್ ಪದ ಹಾಡುವವರು ಪಕ್ಕದ ಹಳ್ಳಿಯಲ್ಲೇ ಇದ್ದರೂ, ಜಾನಪದದ ಬಗ್ಗೆ ಮಾತಾಡಲು ಪ್ರಾಧ್ಯಾಪಕರನ್ನೇ ಕರೆಯಿರಿ.

7. ದೋಷ ಮತ್ತು ಪರಿಹಾರ

ಪ್ರೇಕ್ಷಕರು ಕಡಿಮೆ: ಹಾಜರಿ ಹಾಕುವುದಾಗಿ ಘೋಷಿಸಿ. ಪ್ರೇಕ್ಷಕರು ಹೆಚ್ಚು: ಉಪ್ಪಿಟ್ಟಿನ ಸುದ್ದಿ ಹೊರಬಿದ್ದಿದೆ.

ಸಭೆ ಮಧ್ಯದಲ್ಲೇ ಖಾಲಿ: “ಸರ್, ಬಸ್ ಹೋಗ್ತದ್ರಿ” ಎಂಬುದು ನಿಜ. ಹಳ್ಳಿಗೆ ಸಂಜೆ ಒಂದೇ ಬಸ್ಸು. ಅದಕ್ಕೆ ತಕ್ಕಂತೆ ಹೊತ್ತು ಹೊಂದಿಸುವ ಸೌಲಭ್ಯ ಈ ಮಾದರಿಯಲ್ಲಿಲ್ಲ.

ಜಿಯೋ-ಟ್ಯಾಗ್ ಫೋಟೊದಲ್ಲಿ ಸ್ಥಳ ‘ಸಸ್ತಾಪುರ ಬಂಗ್ಲಾ’ ಎಂದು ತೋರಿಸುತ್ತಿದೆ: ಫೋಟೊ ತೆಗೆದದ್ದು ಕಾರ್ಯಕ್ರಮದಲ್ಲಲ್ಲ, ಊಟದಲ್ಲಿ. ಅಳಿಸಿ.

8. ಅಪಾಯದ ಎಚ್ಚರಿಕೆ: ಪ್ರಶ್ನೋತ್ತರ

ಕಾರ್ಯಕ್ರಮ ಪಟ್ಟಿಯಲ್ಲಿ ‘ಸಂವಾದ’ ಎಂದು ಅಚ್ಚಾಗಿರಲಿ, ನಡೆಸಬೇಡಿ. ಹೊತ್ತು ಮೀರಿತೆಂದು ಹೇಳಿ ವಂದನಾರ್ಪಣೆಗೆ ಹೋಗಿ. ಇಲ್ಲಿಯವರೆಗೆ ಎಲ್ಲ ಸೂಚನೆಗಳನ್ನು ಪಾಲಿಸಿದ್ದರೆ ಕಾರ್ಯಕ್ರಮ ಯಶಸ್ವಿ. ವರದಿ ಇದೆ, ಫೋಟೊ ಇದೆ, ಸಹಿ ಇದೆ.

ಆದರೆ ಈ ಎಂಟನೇ ಸೂಚನೆಯನ್ನು ಕಲ್ಯಾಣದಲ್ಲಿ ಕೂತು ಬರೆಯಲು ಕೈ ಏಳುವುದಿಲ್ಲ. ಅನುಭವ ಮಂಟಪದ ಕಥನವಾದ ಶೂನ್ಯಸಂಪಾದನೆ ಆದ್ಯಂತ ಪ್ರಶ್ನೆ-ಉತ್ತರದಲ್ಲೇ ಸಾಗುತ್ತದೆ. ಅಲ್ಲಿ ಅಲ್ಲಮ ಅಕ್ಕನನ್ನು ಪ್ರಶ್ನಿಸುತ್ತಾನೆ, ಅಕ್ಕ ಎದುರು ನಿಂತು ಉತ್ತರಿಸುತ್ತಾಳೆ. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಮಾತಿಗೂ ಆ ಸಭೆಯಲ್ಲಿ ತೂಕವಿತ್ತು. ಅವನ ಹೆಸರಿನ ಗವಿ ಇಂದಿಗೂ ಊರಲ್ಲಿದೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕಟ್ಟಡಕ್ಕೆ ಸರ್ಕಾರ ದುಡ್ಡು ಕೊಡಬಹುದು, ಕೇಳುವ ರೂಢಿಯನ್ನು ಕೊಡಲಾರದು. ಅದು ನಮ್ಮ ಕಾಲೇಜುಗಳ ಕೆಲಸ.

ಹಾಗಾಗಿ ಸಂಘಟಕರಲ್ಲಿ ಒಂದೇ ವಿನಂತಿ. ಮುಂದಿನ ಸಲ ಸನ್ಮಾನಗಳನ್ನು ಅರ್ಧಕ್ಕಿಳಿಸಿ, ಉಳಿದ ಹೊತ್ತಿನಲ್ಲಿ ಮೈಕನ್ನು ಹಿಂದಿನ ಸಾಲಿಗೆ ಕೊಡಿ. ಬಸ್ ಹೊರಡುವ ಮುಂಚೆ ಕೊಡಿ. ಕೇಳುವ ಭಾಷೆ ಯಾವುದಾದರೂ ಇರಲಿ, ಹೊಲದ ಪಾಲಿನ ಪ್ರಶ್ನೆಗೆ ನೇರ ಉತ್ತರ ಕೊಡಿ.