ಊಟದ ಮೇಜಿನ ಒಡೆತನ: ಒಂದು ವಾಲ್ವ್ ರೇಡಿಯೊ ಮೀಮಾಂಸೆ

ಹಳೆಯ ವಾಲ್ವ್ ರೇಡಿಯೊವನ್ನು ಮನೆಯಲ್ಲೇ ಬಿಚ್ಚಿ, ರಿಪೇರಿ ಮಾಡಿ, ಅಲೈನ್‌ಮೆಂಟಿಗೆ ಕೂರುವವರು ಹಾಡು ಕೇಳುವ ಆಸೆಯಿಂದ ಕೂರುತ್ತಾರೆಂಬುದು ಲೋಕದ ನಂಬಿಕೆ. ಅದನ್ನು ಖಂಡಿಸುವುದೇ ಈ ಪ್ರಬಂಧದ ಉದ್ದೇಶ. ನಮ್ಮ ಪ್ರಮೇಯ ಇಷ್ಟೇ: ಡೊಂಬಿವಲಿ, ಕಲ್ಯಾಣದ ಒಂದು ರೂಮು-ಕಿಚನ್ನಿನ ಮನೆಯಲ್ಲಿ ಊಟದ ಮೇಜನ್ನು ನಿರ್ವಿವಾದವಾಗಿ ತನ್ನದಾಗಿಸಿಕೊಳ್ಳಲು ಮನುಷ್ಯಮಾತ್ರರಿಗೆ ಉಳಿದಿರುವ ಏಕೈಕ ಶಾಸ್ತ್ರೋಕ್ತ ಮಾರ್ಗ ಅಲೈನ್‌ಮೆಂಟು. ನವಿ ಮುಂಬಯಿಯ ಮೂರು ಬೆಡ್‌ರೂಮಿನವರನ್ನು ಚರ್ಚೆಯಿಂದ ಕೈಬಿಟ್ಟಿದ್ದೇವೆ. ಮೇಜಿಗೆ ಬರವಿಲ್ಲದವರಿಗೆ ಸಿದ್ಧಾಂತದ ಹಂಗೇಕೆ?

ಮೊದಲ ಪ್ರಮಾಣ ವಿದ್ಯುತ್ತಿನದು. ವಾಲ್ವಿನ ಪ್ಲೇಟಿಗೆ ಸುಮಾರು 250 ವೋಲ್ಟ್ ಬೇಕು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ ಚಾರ್ಜು ಸ್ವಲ್ಪ ಹೊತ್ತು ಉಳಿದಿರುತ್ತದೆ. ಹೀಗಾಗಿ ‘ಮುಟ್ಟಬೇಡಿ, ಶಾಕ್ ಹೊಡೆಯುತ್ತೆ’ ಎಂಬ ಆಜ್ಞೆ ರೇಡಿಯೊ ಆಫ್ ಆಗಿದ್ದಾಗಲೂ ಊರ್ಜಿತ. ಮಕ್ಕಳ ಹೋಂವರ್ಕಿಗಾಗಲಿ, ಬಿಡಿಸಲು ಹರಡಿದ ಮೆಂತ್ಯದ ಕಟ್ಟಿಗಾಗಲಿ ಇಂಥ ಕಾನೂನುಬಲ ಇಲ್ಲ. ಇನ್ನು ಇತಿಹಾಸದ ಪ್ರಮಾಣ: ಮರ್ಫಿ ರೇಡಿಯೊ ಇದೇ ಠಾಣೆಯ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು, ಒಳಗಿನ ವಾಲ್ವು ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್‌ನದಾಗಿದ್ದರೆ ಆಶ್ಚರ್ಯವಿಲ್ಲ. ಪೆಟ್ಟಿಗೆ ಮಣ್ಣಿನ ಮಗ, ಜೀವ ಹೊರನಾಡ ಕನ್ನಡಿಗ. ಮೇಜಿನಿಂದ ಇದನ್ನು ಎಬ್ಬಿಸಲು ಯಾವ ಪಕ್ಷದ ಚಳವಳಿಗೂ ಸಾಧ್ಯವಿಲ್ಲ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಈಗ ಮೊಬೈಲಿನ ಆಪ್‌ನಲ್ಲಿ ಸ್ಫಟಿಕದಷ್ಟು ಸ್ವಚ್ಛವಾಗಿ ಕೇಳುತ್ತದಲ್ಲ, ಇಷ್ಟೆಲ್ಲ ಏಕೆ? ಸ್ವಾಮಿ, ನಮ್ಮ ವಾದವೂ ಅದೇ. ಕೇಳುವುದೇ ಗುರಿಯಾಗಿದ್ದರೆ ಆಪ್ ಸಾಕಿತ್ತು. ಧಾರವಾಡದ 765 ಕಿಲೋಹರ್ಟ್ಸ್ ತರಂಗ ಇಷ್ಟು ದೂರ ಬರಬೇಕಾದರೆ ಸೂರ್ಯ ಮುಳುಗಿ, ಅಯಾನುಗೋಳದ ಕೆಳಪದರ ಕರಗಬೇಕು. ಹಗಲಿಡೀ ಆ ಪದರ ಮೀಡಿಯಂ ವೇವನ್ನು ನುಂಗಿಹಾಕುತ್ತದೆ. ಅಂದರೆ ಪಾತ್ರೆ ತೊಳೆಯುವ, ಹಾಸಿಗೆ ಹಾಸುವ ಹೊತ್ತಿಗೇ ಶಾಸ್ತ್ರಕಾರ್ಯ ಆರಂಭ. ಆಗಲೂ ಪಕ್ಕದ ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಗುಂಯ್‌ಗಾಟ ತಪ್ಪಿದ್ದಲ್ಲ. ಅಲೈನ್‌ಮೆಂಟಿನಿಂದ ಆ ಗದ್ದಲ ಹೋಗದು. ಆದರೆ ಇದನ್ನು ಮನೆಯವರಿಗೆ ತಿಳಿಸಲೇಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ.

ಇದಕ್ಕಿಂತ ಚೂಪಾದ ಆಕ್ಷೇಪವೊಂದಿದೆ: ಮೇಜೇ ಗುರಿಯಾದರೆ ಕೆಟ್ಟ ರೇಡಿಯೊವನ್ನು ಹಾಗೇ ಇಟ್ಟರಾಗದೆ? ಆಗದು. ಕೆಟ್ಟದ್ದು ಭಂಗಾರದವನ ಪಾಲು, ಸರಿಹೋದದ್ದು ಷೋಕೇಸಿನ ಪಾಲು. ಸರಿಹೋಗುತ್ತಲೇ ಇರುವುದಕ್ಕೆ ಮಾತ್ರ ಮೇಜಿನ ಮೇಲೆ ಹಕ್ಕು. ಅಲೈನ್‌ಮೆಂಟಿನ ಹಿರಿಮೆ ಇಲ್ಲಿದೆ ನೋಡಿ. ಮೊದಲು ಐಎಫ್ ಟ್ರಾನ್ಸ್‌ಫಾರ್ಮರುಗಳನ್ನು, ಸಾಮಾನ್ಯವಾಗಿ 455 ಕಿಲೋಹರ್ಟ್ಸ್‌ಗೆ, ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ಹೊಂದಿಸಬೇಕು. ಕಬ್ಬಿಣದ್ದು ಹತ್ತಿರ ಬಂದರೇ ಟ್ಯೂನಿಂಗ್ ಸರಿಯುತ್ತದೆ. ಆಮೇಲೆ ಡಯಲಿನ 600ರ ತುದಿಯಲ್ಲಿ ಆಸಿಲೇಟರ್ ಕಾಯಿಲಿನ ಕೋರು, 1400ರ ತುದಿಯಲ್ಲಿ ಟ್ರಿಮ್ಮರು. ಇದನ್ನು ತಿರುಗಿಸಿದರೆ ಅದು ಕದಲುತ್ತದೆ, ಅದನ್ನು ತಿದ್ದಿದರೆ ಇದು ಜಾರುತ್ತದೆ. ಎರಡೂ ತುದಿ ಕೂಡುವವರೆಗೆ ಮತ್ತೆ ಮತ್ತೆ ಮಾಡಿ ಎಂಬುದು ಸರ್ವಿಸ್ ಮ್ಯಾನ್ಯುಅಲುಗಳದೇ ವಿಧಿ. ಬಲ್ಲವರಿಗೆ ನಾಲ್ಕಾರು ಸುತ್ತಿನಲ್ಲಿ ಕೂಡುತ್ತದೆಂಬುದು ನಿಜ. ಅಂಥ ಬಲ್ಲವರ ಮನೆಯಲ್ಲಿ ಮೇಜು ಯಾರ ವಶದಲ್ಲಿದೆಯೆಂದು ಹೋಗಿ ನೋಡಬಹುದು.

ಆದಕಾರಣ ಠಾಣೆಯಿಂದ ಕಲ್ಯಾಣದವರೆಗಿನ ಸಮಸ್ತ ಅಭ್ಯಾಸಿಗಳಲ್ಲಿ ವಿನಂತಿ: ಹೊಂದಿಸಿದ ಕೋರುಗಳಿಗೆ ಮೇಣ ಬಿಟ್ಟು ಸೀಲ್ ಮಾಡುವ ಆತುರ ಬೇಡ.