ಪಾಲಕರ ಸಹಿ ಬೇಕಾಗಿಲ್ಲ

ನಮ್ಮ ರಾಜ್ಯದಲ್ಲಿ ಒಂದು ಮಗುವನ್ನು ಶಾಲೆಯವರು ಹಂಪಿ ನೋಡಲು ಕರೆದೊಯ್ಯಬೇಕಾದರೆ ಅಪ್ಪನ ಸಹಿ ಬೇಕು. ಜಂತುಹುಳದ ಮಾತ್ರೆ ನುಂಗಿಸುವ ಮುಂಚೆ ಮನೆಗೆ ಚೀಟಿ ಹೋಗಬೇಕು. ಗಣಿತದಲ್ಲಿ ಏಳು ಅಂಕ ಬಂದರೆ ಪ್ರಗತಿಪತ್ರದ ಕೆಳಗೆ ಪಾಲಕರು ರುಜು ಹಾಕಿ ವಂಶದ ಅವಮಾನವನ್ನು ದೃಢೀಕರಿಸಬೇಕು. ಹೋಂವರ್ಕ್ ಮರೆತರಂತೂ ಆಯಿತು, “ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ, ಇಲ್ಲಾಂದ್ರ ಒಳಗ ಬರಬ್ಯಾಡ.” ಆದರೆ ರಾಜದ್ರೋಹದ ಮೊಕದ್ದಮೆಯಲ್ಲಿ ಪೊಲೀಸರ ಪ್ರಶ್ನೆಗೆ ಉತ್ತರ ಕೊಡಬೇಕಾದರೆ? ಅದಕ್ಕೆ ಅಪ್ಪ ಬೇಡ, ಅಮ್ಮ ಬೇಡ, ಸಹಿಯೂ ಬೇಡ. ಮಗು ಒಂದಿದ್ದರೆ ಸಾಕು. ಇದು 2020ರಲ್ಲಿ ಬೀದರ್‌ನಲ್ಲಿ ಜಗತ್ತಿಗೇ ಗೊತ್ತಾದ ಸಂಗತಿ.

ಆ ವರ್ಷ ಜನವರಿ 21ರಂದು ಅಲ್ಲಿನ ಶಾಹೀನ್ ಶಾಲೆಯ ನಾಲ್ಕರಿಂದ ಆರನೇ ತರಗತಿಯ ಮಕ್ಕಳು ಒಂದು ನಾಟಕ ಆಡಿದರು. ಪೌರತ್ವ ತಿದ್ದುಪಡಿ ಕಾಯ್ದೆಯ ಗಲಾಟೆ ಊರೂರಲ್ಲಿ ಕುದಿಯುತ್ತಿದ್ದ ಕಾಲ. ನಾಟಕದಲ್ಲಿ ಕಾಗದಪತ್ರ ಕೇಳಿಕೊಂಡು ಬಂದವರಿಗೆ ಚಪ್ಪಲಿ ತೋರಿಸುವ ಮಾತಿತ್ತು. ಪ್ರಧಾನಿಯವರನ್ನೂ ಆ ಚಪ್ಪಲಿಯ ವ್ಯಾಪ್ತಿಗೆ ತರಲಾಗಿತ್ತು. ಮಾತು ಸಭ್ಯವಾಗಿರಲಿಲ್ಲ, ಒಪ್ಪೋಣ. ಬೇರೆ ಕಾಲವಾಗಿದ್ದರೆ ಬಿಇಒ ಸಾಹೇಬರು ಮುಖ್ಯೋಪಾಧ್ಯಾಯಿನಿಯನ್ನು ಕರೆಸಿ, ಒಂದು ನೋಟಿಸು ಕೊಟ್ಟು, ಒಂದು ಕಪ್ ಚಹಾ ಕುಡಿದು ಕಡತ ಮುಚ್ಚುತ್ತಿದ್ದರು. ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲಿ ರಾಜನಿಗೆ ಎದುರಾಡದ ಹಾಸ್ಯಪಾತ್ರ ಸಿಗುವುದೇ ಕಷ್ಟ. ಯಾವ ರಾಜನೂ ಪರದೆಯ ಹಿಂದೆ ಹೋಗಿ ಪಂಚನಾಮೆ ಮಾಡಿಸಿದ್ದಿಲ್ಲ.

ಇಲ್ಲಿ ನಾಟಕದ ವಿಡಿಯೊ ಫೇಸ್‌ಬುಕ್ಕಿಗೆ ಹೋಯಿತು, ಫೇಸ್‌ಬುಕ್ಕಿನಿಂದ ಠಾಣೆಗೆ ಹೋಯಿತು. ನಮ್ಮ ವ್ಯವಸ್ಥೆಗೆ ಕ್ಯಾಲೆಂಡರಿನ ಪ್ರಜ್ಞೆ ಎಷ್ಟಿದೆ ನೋಡಿ: ದೂರು ಬಂದದ್ದು ಗಣರಾಜ್ಯೋತ್ಸವದ ದಿನ, ಬಂಧನವಾದದ್ದು ಹುತಾತ್ಮರ ದಿನ. ಹಾಕಿದ ಕಲಮುಗಳಲ್ಲಿ ಹಿರಿಯಣ್ಣ 124ಎ. 1870ರಲ್ಲಿ ಬ್ರಿಟಿಷರು ದಂಡಸಂಹಿತೆಗೆ ಸೇರಿಸಿದ ಈ ಕಲಮೇ 1897ರಲ್ಲಿ ತಿಲಕರನ್ನು, 1922ರಲ್ಲಿ ಗಾಂಧೀಜಿಯವರನ್ನು ಜೈಲಿಗೆ ಕಳಿಸಿದ್ದು. ಆ ಸಾಲಿಗೆ ಈಗ ಬೀದರ್‌ನ ಒಬ್ಬ ಮುಖ್ಯೋಪಾಧ್ಯಾಯಿನಿಯೂ ನಾಟಕದಲ್ಲಿ ಮಾತಾಡಿದ ಹುಡುಗಿಯೊಬ್ಬಳ ತಾಯಿಯೂ ಸೇರ್ಪಡೆಯಾದರು. ಗಾಂಧೀಜಿಯವರು ಬಂದವರನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಿರಬೇಕು.

ಇನ್ನು ಸಾಕ್ಷಿಗಳು. ಮುಂದೆ ಹೈಕೋರ್ಟಿಗೆ ಹೋದ ಅರ್ಜಿಯ ಪ್ರಕಾರ ಪೊಲೀಸರು ಪ್ರಶ್ನೆ ಕೇಳಿದ್ದು ಸುಮಾರು 85 ಮಕ್ಕಳನ್ನು. ಅವರಲ್ಲಿ ಒಂಬತ್ತು ವರ್ಷದವರೂ ಇದ್ದರು. ಒಂದು ಸಲ ಬಂದು ಹೋಗಲಿಲ್ಲ, ಮತ್ತೆ ಮತ್ತೆ ಬಂದರು. ಪಕ್ಕದಲ್ಲಿ ಪಾಲಕರಿರಲಿಲ್ಲ ಎಂಬುದು ಮನೆಯವರ ಅಳಲು. ಕೇಳಿದ ಪ್ರಶ್ನೆಗಳ ತಿರುಳು ಎರಡೇ: ಈ ಮಾತು ಬರೆದವರು ಯಾರು, ಕಲಿಸಿದವರು ಯಾರು?

ಪ್ರಾಥಮಿಕ ಶಾಲೆಯ ಇತಿಹಾಸದಲ್ಲಿ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ: “ಮಿಸ್ ಹೇಳಿಕೊಟ್ರು ಸರ್.” ಸ್ವಾತಂತ್ರ್ಯ ದಿನದ ಭಾಷಣ ಬರೆದುಕೊಟ್ಟವರು ಯಾರು? ಮಿಸ್. ಸಂಗೊಳ್ಳಿ ರಾಯಣ್ಣನಿಗೆ ಮೀಸೆ ಬರೆದವರು ಯಾರು? ಮಿಸ್. ಓಬವ್ವನ ಕೈಗೆ ಒನಕೆ ಕೊಟ್ಟು ಶತ್ರುಗಳ ತಲೆಗೆ ಹೊಡಿ ಎಂದು ಕುಮ್ಮಕ್ಕು ನೀಡಿದವರು? ಅದೇ ಮಿಸ್. ಈ ಜಾಡು ಹಿಡಿದು ಹೊರಟರೆ ನವೆಂಬರ್ ತಿಂಗಳಲ್ಲಿ ರಾಜ್ಯದ ಅರ್ಧ ಶಿಕ್ಷಕಿಯರ ಮೇಲೆ ಕೊಲೆಯತ್ನದ ಪ್ರಕರಣ ದಾಖಲಾಗಬೇಕು. ಎರಡು ಪ್ರಶ್ನೆಗೆ ಅಷ್ಟು ದಿನ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಮಕ್ಕಳು ಒಂದೇ ಉತ್ತರ ಕೊಡುತ್ತಾರೆ, ನಿಜ. ತನಿಖೆಗೆ ಬೇಕಾದದ್ದು ಆ ಉತ್ತರವೇ ಆಗಿರಬೇಕಲ್ಲ.

ಈ ಕಥೆಯ ಒಂದು ತಿರುವನ್ನು ಯಾವ ನಾಟಕಕಾರನೂ ಬರೆಯಲಾರ, ಬರೆದರೆ ಅತಿಯಾಯಿತೆಂದು ಪ್ರೇಕ್ಷಕರೇ ಎದ್ದುಹೋದಾರು. ವಿಚಾರಣೆಗೆ ಗುರಿಯಾದ ಮಕ್ಕಳಲ್ಲಿ ಬಂಧಿತ ತಾಯಿಯ ಮಗಳೂ ಇದ್ದಳು. ತಾಯಿ ಒಂಟಿ ಹೆಂಗಸು. ಮಗಳ ಪಕ್ಕದಲ್ಲಿ ಕೂರಬೇಕಾಗಿದ್ದ ಪಾಲಕಿ ಎಲ್ಲಿ ಎಂದು ಹುಡುಕುವ ಶ್ರಮವೇ ಇರಲಿಲ್ಲ. ಆಕೆಯ ವಿಳಾಸ ಪೊಲೀಸರಿಗೆ ಚೆನ್ನಾಗಿ ಗೊತ್ತಿತ್ತು, ಬೀದರ್ ಜೈಲು. ಫೆಬ್ರವರಿ 14ರಂದು ಜಾಮೀನು ಸಿಗುವವರೆಗೆ ಆ ವಿಳಾಸ ಬದಲಾಗಲಿಲ್ಲ.

ಈಗ ಕಾನೂನಿಗೆ ಬರೋಣ. ಕಾನೂನು ಇಲ್ಲದ್ದಕ್ಕೆ ಹೀಗಾಯಿತು ಎಂದುಕೊಂಡರೆ ನಮ್ಮ ಶಾಸಕಾಂಗಕ್ಕೆ ಅವಮಾನ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಪ್ರತಿ ಜಿಲ್ಲೆಗೆ ಒಂದು ವಿಶೇಷ ಘಟಕ, ಅದರಲ್ಲಿ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲೊಬ್ಬರು ಮಹಿಳೆ. ಮಕ್ಕಳೊಂದಿಗೆ ಮಾತಾಡುವ ಪೊಲೀಸರು ಸಾಧ್ಯವಾದಷ್ಟು ಮಟ್ಟಿಗೆ ಸಮವಸ್ತ್ರ ಬಿಟ್ಟು ಸಾದಾ ಬಟ್ಟೆಯಲ್ಲಿರಬೇಕು ಎಂದು 2016ರ ನಿಯಮಗಳು ಹೇಳುತ್ತವೆ. ಹೆಣ್ಣುಮಗುವಾದರೆ ಮಹಿಳಾ ಪೊಲೀಸರು ಬೇಕು. ಕೈಕೋಳ ಇಲ್ಲ, ಲಾಕಪ್ ಇಲ್ಲ, ಹೆದರಿಸುವಂತಿಲ್ಲ, ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. ಪೊಲೀಸ್ ಠಾಣೆ ಎಂಬ ಭಾವನೆಯೇ ಬಾರದಂಥ ಜಾಗದಲ್ಲಿ ಮಾತಾಡಿಸಬೇಕು. ನಮ್ಮ ಠಾಣೆಗಳಲ್ಲಿ ಅಂಥ ಜಾಗ ಎಲ್ಲಿದೆಯೋ ಕಾಣೆ. ಮುಟ್ಟುಗೋಲಾದ ಬೈಕುಗಳ ಹಿಂದೆ ಒಂದು ಬೇವಿನ ಮರ ಇದ್ದರೆ ಅದರ ಬುಡ ಇರಬಹುದು.

ಆದರೆ ಈ ಕಾನೂನಿನ ಪುಸ್ತಕವನ್ನು ಗಮನವಿಟ್ಟು ಓದಿದವರಿಗೆ ಒಂದು ಚಮತ್ಕಾರ ಕಾಣುತ್ತದೆ. ದೌರ್ಜನ್ಯಕ್ಕೆ ಒಳಗಾದ ಮಗುವಾದರೆ ಪೋಕ್ಸೊ ಕಾಯ್ದೆಯ ಪ್ರಕಾರ ತಂದೆತಾಯಿ ಅಥವಾ ಮಗು ನಂಬುವ ಯಾರಾದರೂ ಒಬ್ಬರ ಎದುರಿಗೇ ಹೇಳಿಕೆ ಪಡೆಯಬೇಕು. ಅದೂ ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ. ತಪ್ಪು ಮಾಡಿದ ಆರೋಪ ಹೊತ್ತ ಮಗುವಾದರೆ ಪಾಲಕರು ಜತೆಗಿರಬಹುದು. ಇರಲೇಬೇಕೆಂದಿಲ್ಲ, ಆದರೂ ಬಾಗಿಲು ತೆರೆದಿದೆ. ಹಿಡಿದ ಕೂಡಲೇ ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. ಹಾಗಾದರೆ ಏನೂ ತಪ್ಪು ಮಾಡದ, ಯಾರಿಂದಲೂ ಏನೂ ಆಗದ, ಬರೀ ಸಾಕ್ಷಿಯಾದ ಮಗು? ಅದರ ಪಕ್ಕದಲ್ಲಿ ಅಪ್ಪ ಅಮ್ಮ ಕೂರಲೇಬೇಕೆಂದು ಇಷ್ಟೇ ಖಡಕ್ಕಾಗಿ ಹೇಳುವ ಸಾಲಿಗೆ ಜಾಗ ಸಾಕಾಗಲಿಲ್ಲ. ನಿರಪರಾಧಿಗೆ ರಕ್ಷಣೆ ಯಾಕೆ ಬೇಕು ಎಂದು ಬರೆದವರು ಯೋಚಿಸಿರಬೇಕು. ಆದ್ದರಿಂದ ಮಕ್ಕಳೇ, ಪೊಲೀಸರು ಬಂದಾಗ ಪಕ್ಕದಲ್ಲಿ ಅಮ್ಮ ಬೇಕೆಂದು ನಿಮಗೆ ಅನ್ನಿಸಿದರೆ ಸಾಕ್ಷಿಯಾಗುವ ಮೂರ್ಖತನಕ್ಕೆ ಹೋಗಬೇಡಿ. ಕನಿಷ್ಠ ಪಕ್ಷ ಆರೋಪಿಯಾಗಿರಿ.

ಸಾಕ್ಷಿಗೆ ಏನೂ ಇಲ್ಲ ಎಂದರೆ ಅನ್ಯಾಯವಾದೀತು. 15 ವರ್ಷದೊಳಗಿನ ಹುಡುಗನನ್ನಾಗಲಿ, ಯಾವುದೇ ಹೆಣ್ಣನ್ನಾಗಲಿ ಅವರ ವಾಸಸ್ಥಳ ಬಿಟ್ಟು ಬೇರೆಡೆ ಹಾಜರಾಗು ಎಂದು ತನಿಖಾಧಿಕಾರಿ ಕರೆಯುವಂತಿಲ್ಲ ಎಂದು ದಂಡ ಪ್ರಕ್ರಿಯಾ ಸಂಹಿತೆಯ 160ನೇ ಸೆಕ್ಷನ್ ಹೇಳುತ್ತಿತ್ತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 179ನೆಯದೂ ಅದನ್ನೇ ಹೇಳುತ್ತದೆ. ಮನೆಗೆ ಹೋದರೆ ಮನೆಯಲ್ಲಿ ಅಮ್ಮ ಇರುತ್ತಾಳೆ, ಅಜ್ಜಿ ಇರುತ್ತಾಳೆ, ಏನಿಲ್ಲವೆಂದರೂ ಬಾಗಿಲಲ್ಲಿ ನಿಂತು ಇಣುಕುವ ನೆರೆಮನೆಯವರು ಇರುತ್ತಾರೆ. ಅದಕ್ಕೇ ಆ ನಿಯಮ. ಬೀದರ್‌ನಲ್ಲಿ ಪೊಲೀಸರು ಮಕ್ಕಳನ್ನು ಠಾಣೆಗೆ ಕರೆಸಲಿಲ್ಲ, ತಾವೇ ಶಾಲೆಗೆ ಹೋದರು. “ಶಾಲೆಯೇ ಮಕ್ಕಳ ಎರಡನೇ ಮನೆ” ಎಂದು ಪ್ರತಿ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ಹೇಳುವುದುಂಟು. ಆ ಭಾಷಣವನ್ನು ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡವರು ರಾಜ್ಯದಲ್ಲಿ ಪೊಲೀಸರೊಬ್ಬರೇ.

ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಪೊಲೀಸರಿಗೆ ಪತ್ರ ಬರೆದು ಶಾಲೆಯಲ್ಲಿ ಭಯದ ವಾತಾವರಣ ಹುಟ್ಟಿಸಿದ್ದೀರಿ ಎಂದಿತು. 2021ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಹೈಕೋರ್ಟ್ ಪೀಠ ವಿಚಾರಣೆಯ ಫೋಟೊಗಳನ್ನು ನೋಡಿತು. ಸಮವಸ್ತ್ರ ಇತ್ತು, ಆಯುಧವೂ ಇತ್ತು, ಎದುರಿಗೆ ಮಕ್ಕಳಿದ್ದರು. ಇದು ಮಕ್ಕಳ ಹಕ್ಕುಗಳ ಗಂಭೀರ ಉಲ್ಲಂಘನೆ ಎಂದು ಪೀಠ ಮೇಲ್ನೋಟಕ್ಕೇ ಹೇಳಿತು. ತಪ್ಪಿತಸ್ಥರ ಮೇಲೆ ಏನು ಕ್ರಮ ಕೈಗೊಂಡಿದ್ದೀರಿ ಎಂದು ಸರ್ಕಾರವನ್ನೂ ಕೇಳಿತು. ನಿಯಮದಲ್ಲಿದ್ದ “ಸಾಧ್ಯವಾದಷ್ಟು” ಬೀದರ್‌ನಲ್ಲಿ ಸಾಧ್ಯವಾಗಿರಲಿಲ್ಲ. ಖಾಕಿ ಬಿಚ್ಚಿಟ್ಟು ಒಂದು ಅಂಗಿ ಹಾಕಿಕೊಳ್ಳುವುದು ಅಷ್ಟು ದೊಡ್ಡ ಇಲಾಖೆಗೆ ಸುಲಭದ ಕೆಲಸವಲ್ಲ, ಟೆಂಡರ್ ಕರೆಯಬೇಕಾಗುತ್ತದೇನೋ. ಒಂಬತ್ತು ವರ್ಷದ ಹುಡುಗಿಯ ಮುಂದೆ ಬಂದೂಕು ಯಾಕೆ ಎಂದರೆ, ಆಕೆ ನಾಟಕದ ಹುಡುಗಿ, ಯಾವಾಗ ಡೈಲಾಗ್ ಹೊಡೆಯುತ್ತಾಳೋ ಹೇಳಲಾಗದು.

2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಪ್ರಕರಣವನ್ನೇ ರದ್ದು ಮಾಡಿತು. ನಾಟಕ ನಡೆದದ್ದು ಶಾಲೆಯ ಆವರಣದೊಳಗೆ, ಮಕ್ಕಳ ಮಾತಿನಲ್ಲಿ ಹಿಂಸೆಗೆ ಪ್ರಚೋದನೆ ಇರಲಿಲ್ಲ, ಆದ್ದರಿಂದ ರಾಜದ್ರೋಹವಲ್ಲ ಎಂದಿತು. ಅಷ್ಟರಲ್ಲಿ ಆರನೇ ತರಗತಿಯಲ್ಲಿದ್ದವರು ಎಸ್ಸೆಸ್ಸೆಲ್ಸಿಗೆ ಬಂದಿದ್ದರು. ಪ್ರಧಾನಿಯವರ ಬಗ್ಗೆ ಆಡಿದ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದ್ದು ಎಂದೂ ಪೀಠ ಹೇಳಿತು. ಜತೆಗೆ ಶಾಲೆಗಳಿಗೆ ಒಂದು ಕಿವಿಮಾತು: ಮಕ್ಕಳಿಗೆ ಜ್ಞಾನ, ತಂತ್ರಜ್ಞಾನ ಕಲಿಸಿ, ಸರ್ಕಾರದ ನೀತಿ ಟೀಕಿಸುವುದನ್ನು ಕಲಿಸಬೇಡಿ. ನ್ಯಾಯಾಲಯದ ಮಾತಿಗೆ ಎದುರಾಡುವುದಿಲ್ಲ. ಆದರೂ ಒಂದು ಸಣ್ಣ ಅನುಮಾನ. ನಾಟಕದ ನಂತರ ಆ ಮಕ್ಕಳು ಕಲಿತ ಪೌರನೀತಿಯ ಪಾಠ ಶಾಲೆಯದ್ದಲ್ಲವಲ್ಲ? ಕಾನೂನು ಪಾಲಿಸಬೇಕಾದವರು ಪಾಲಿಸದಿದ್ದರೆ ಏನಾಗುತ್ತದೆ ಎಂಬ ಪ್ರಾಯೋಗಿಕ ತರಗತಿಯನ್ನು ಇಲಾಖೆಯೇ ಬಂದು ಉಚಿತವಾಗಿ ನಡೆಸಿಕೊಟ್ಟಿತಲ್ಲ?

ಈ ನಾಟಕಕ್ಕೆ ಒಂದು ತಿಂಗಳ ಹಿಂದೆ, 2019ರ ಡಿಸೆಂಬರ್‌ನಲ್ಲಿ, ಕಲ್ಲಡ್ಕದ ಶಾಲೆಯೊಂದರ ಮಕ್ಕಳು ಬಾಬರಿ ಮಸೀದಿ ಕೆಡವುವ ದೃಶ್ಯವನ್ನು ಅಭಿನಯಿಸಿದ್ದರು. ಕೇಂದ್ರ ಸಚಿವರೊಬ್ಬರೂ ಒಬ್ಬ ಲೆಫ್ಟಿನೆಂಟ್ ಗವರ್ನರರೂ ಅತಿಥಿಗಳಾಗಿ ಬಂದಿದ್ದರು. ಅಲ್ಲೂ ಎಫ್‌ಐಆರ್ ಆಯಿತು, ಆದರೆ ಅದರಲ್ಲಿ 124ಎ ಇರಲಿಲ್ಲ. ಮಕ್ಕಳ ನಾಟಕವನ್ನು ವಿಮರ್ಶೆ ಮಾಡುವ ನಮ್ಮ ಪೊಲೀಸರಿಗೆ ವಸ್ತುವಿನ ಆಯ್ಕೆಯ ಬಗ್ಗೆ ಖಚಿತ ಅಭಿರುಚಿ ಇದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಯಾಕೆಂದರೆ ಬೀದರ್‌ನ ಮಕ್ಕಳು ಒಂದು ಲೆಕ್ಕದಲ್ಲಿ ಅದೃಷ್ಟವಂತರು. ಅವರಿಗೊಂದು ಶಾಲೆ ಇತ್ತು, ಶಾಲೆಗೆ ವಕೀಲರಿದ್ದರು, ಫೋಟೊ ತೆಗೆದವರಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ಕಳುವಾದಾಗ ಪೊಲೀಸರ ಕಣ್ಣಿಗೆ ಮೊದಲು ಬೀಳುವ ಚಿಂದಿ ಆಯುವ ಹುಡುಗನಿಗೆ ಇದ್ಯಾವುದೂ ಇಲ್ಲ. ಅವನನ್ನು ಜೀಪಿಗೆ ಹತ್ತಿಸುವಾಗ ಹೇಳುವ ಮಾತು ಒಂದೇ: “ಏನಿಲ್ಲ, ಬರೀ ಎನ್‌ಕ್ವೈರಿ.” ಈ ಎನ್‌ಕ್ವೈರಿ ನಮ್ಮ ಪೊಲೀಸ್ ಶಾಸ್ತ್ರದ ಅತ್ಯಂತ ಸೂಕ್ಷ್ಮವಾದ ಆವಿಷ್ಕಾರ. ಹಿಡಿದಿದ್ದೇವೆ ಎಂದು ಬರೆದರೆ ಗಡಿಯಾರ ಶುರುವಾಗುತ್ತದೆ, ಮನೆಗೆ ಹೇಳಿ ಕಳಿಸಬೇಕು, ಮಂಡಳಿಗೆ ಒಯ್ಯಬೇಕು. ಎನ್‌ಕ್ವೈರಿಗೆ ಕರೆದಿದ್ದೇವೆ ಎಂದರೆ ಡೈರಿಯಲ್ಲಿ ಹುಡುಗನೇ ಇಲ್ಲ. ಇಲ್ಲದ ಹುಡುಗನ ಅಪ್ಪನಿಗೆ ಸುದ್ದಿ ಮುಟ್ಟಿಸುವುದು ಹೇಗೆ? ಸಂಜೆ ಹುಡುಕಿಕೊಂಡು ಬಂದ ಅಮ್ಮ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದರೆ ಒಳಗಿನಿಂದ ಬರುವ ಮಾತು: “ನೀ ಹೊರಗ ಇರವ್ವ, ಸಾಹೇಬ್ರು ಮಾತಾಡಾಕತ್ತಾರ.” ಸಾಹೇಬರು ಮಾತಾಡುವ ಸದ್ದು ಹೊರಗೂ ಕೇಳಿಸುತ್ತಿರುತ್ತದೆ.

ಹುಡುಗ ಪ್ರಾಯದ ಗಡಿಯಲ್ಲಿದ್ದರೆ ಇನ್ನೂ ಅನುಕೂಲ. ಮೀಸೆ ಚಿಗುರಿದೆಯಲ್ಲ, ಹತ್ತೊಂಬತ್ತು ಬರಿ. ಜನನ ಪ್ರಮಾಣಪತ್ರ ತಾ ಎಂದರೆ ಅವನ ಅಮ್ಮನಿಗೆ ಗೊತ್ತಿರುವುದು ಹೆರಿಗೆಯಾದ ವರ್ಷ ಮಳೆ ಜೋರಿತ್ತು ಎಂಬುದಷ್ಟೇ. ಪೌರತ್ವಕ್ಕೆ ಕಾಗದ ಕೇಳಿದರೆ ಏನಾಗುತ್ತದೆ ಎಂಬುದನ್ನೇ ಬೀದರ್‌ನ ಮಕ್ಕಳು ನಾಟಕವಾಡಿದ್ದು. ಬಾಲ್ಯಕ್ಕೂ ಕಾಗದ ಬೇಕು ಎಂಬ ಎರಡನೇ ಅಂಕವನ್ನು ಅವರಿನ್ನೂ ಬರೆದಿರಲಿಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ಮಗು ಆರೋಪಿಯೋ ಸಾಕ್ಷಿಯೋ ಎಂದು ನೋಡದೆ, ಪಾಲಕರು ಅಥವಾ ಮಗು ನಂಬುವ ಹಿರಿಯರೊಬ್ಬರು ಪಕ್ಕದಲ್ಲಿರದ ಹೊರತು ಪ್ರಶ್ನೆ ಕೇಳುವಂತಿಲ್ಲ ಎಂದು ಒಂದು ಸಾಲು ಸೇರಿಸಬೇಕು. ಆ ಸಾಲಿನಲ್ಲಿ ಬಹುದು, ಸಾಧ್ಯವಾದಷ್ಟು ಎಂಬ ಕಿಂಡಿಗಳಿರಬಾರದು. ಮೀರಿದವರಿಗೆ ಏನಾಗುತ್ತದೆ ಎಂಬುದನ್ನೂ ಅಲ್ಲೇ ಬರೆಯಬೇಕು. ವಿಧಾನಸೌಧ ಈ ಕೆಲಸ ಮಾಡುವವರೆಗೆ ಓದುಗರಿಗೊಂದು ಹೋಂವರ್ಕ್. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಹೆಸರು, ಫೋನ್ ನಂಬರನ್ನು ಠಾಣೆಯಲ್ಲಿ ಎದ್ದು ಕಾಣುವಂತೆ ಹಾಕಬೇಕೆಂದು ನಿಯಮವಿದೆ. ನಿಮ್ಮೂರ ಠಾಣೆಯಲ್ಲಿ ಹಾಕಿದ್ದಾರೆಯೇ, ಒಮ್ಮೆ ಹೋಗಿ ನೋಡಿ. ಕಾಣದಿದ್ದರೆ ಕೇಳಿ. ಮಕ್ಕಳನ್ನು ಮಾತ್ರ ಜತೆಗೆ ಕರೆದುಕೊಂಡು ಹೋಗಬೇಡಿ.